ಮೂರು ಆನೆಗಳು, ಒಂದು ಡಬ್ಬಿ

ಇವತ್ತಿನ ಮಾತು ದುಡ್ಡಿನದು. ಸಂಬಳದ್ದಲ್ಲ, ಷೇರು ಪೇಟೆಯದೂ ಅಲ್ಲ. ನಮ್ಮ ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ಕೈಯಿಂದ ಕೈಗೆ ಓಡಾಡಿದ, ಆನೆ ಗುರುತಿನ ತಾಮ್ರದ ಕಾಸುಗಳದು. ಅವು ಈಗಲೂ ನಾವಿರುವ ಈ ಶಿಕಾಗೋ, ಡೆಟ್ರಾಯ್ಟ್ ಕಡೆಯ ನಾಣ್ಯ ಮೇಳಗಳಲ್ಲಿ ಸಿಕ್ಕುವುದುಂಟು. ಅವನ್ನು ಗುರುತು ಹಿಡಿಯಬಲ್ಲವರು ಮಾತ್ರ ಕಡಿಮೆ.

ನೀವು ಹುಟ್ಟಿ ಬೆಳೆದ ಈ ಸೀಮೆಗೂ ನಾಣ್ಯ ಸಂಗ್ರಹಕ್ಕೂ ಹಳೆಯ ನಂಟಿದೆ. ಡೆಟ್ರಾಯ್ಟ್‌ನಿಂದ ಟೊಲಿಡೋ ಕಡೆಗೆ ಹೋಗುವ ದಾರಿಯಲ್ಲಿ ಮನ್ರೋ ಎಂಬ ಊರಿದೆಯಲ್ಲ, ಅಲ್ಲಿನ ವೈದ್ಯ ಡಾಕ್ಟರ್ ಜಾರ್ಜ್ ಹೀತ್ 1888ರಲ್ಲಿ ನಾಣ್ಯಪ್ರಿಯರಿಗಾಗಿ ಒಂದು ಪುಟ್ಟ ಪತ್ರಿಕೆ ಶುರುಮಾಡಿದರು. ಮೂರು ವರ್ಷದ ಮೇಲೆ, 1891ರ ಅಕ್ಟೋಬರಿನಲ್ಲಿ, ಶಿಕಾಗೋದಲ್ಲಿ ಸಭೆ ಸೇರಿ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಕಟ್ಟಿದರು. ಆ ಸಂಘದ ದೊಡ್ಡ ಬೇಸಿಗೆ ಮೇಳ 2011, 2014, 2019, 2024 ಹೀಗೆ ಹಲವು ಸಲ ಓಹೇರ್ ವಿಮಾನ ನಿಲ್ದಾಣದ ಪಕ್ಕದ ರೋಸ್‌ಮಾಂಟ್‌ನಲ್ಲೇ ನಡೆದಿದೆ.

ಇಂಥ ಮೇಳಗಳಲ್ಲಿ ವ್ಯಾಪಾರಿಗಳ ಮೇಜಿನ ಮೇಲೆ ಎರಡು ಬಗೆಯ ಸರಕು ಇರುತ್ತದೆ. ಗಾಜಿನ ಪೆಟ್ಟಿಗೆಯೊಳಗಿನದಕ್ಕೆ ಹೆಸರು, ವರ್ಷ, ದರ್ಜೆ, ಬೆಲೆ ಎಲ್ಲವೂ ಬರೆದಿರುತ್ತದೆ. ಇನ್ನೊಂದು, ಮೇಜಿನ ತುದಿಯ ರಟ್ಟಿನ ಡಬ್ಬಿ. ಅದರಲ್ಲಿ ಬೇರೆ ಬೇರೆ ದೇಶಗಳ ನಾಣ್ಯಗಳು ಒಟ್ಟಿಗೆ ಬಿದ್ದಿರುತ್ತವೆ. ‘ಇಂಡಿಯಾ, ತಾಮ್ರ’ ಎಂಬ ಚೀಟಿ ಇದ್ದರೆ ಅದೇ ಹೆಚ್ಚು. ವ್ಯಾಪಾರಿಯದೇನೂ ತಪ್ಪಿಲ್ಲ. ಆತನಿಗೆ ಲಿಂಕನ್ ಸೆಂಟಿನ ನೂರು ಬಗೆ ಗೊತ್ತಿರಬಹುದು. ಕನ್ನಡದ ‘ಶ್ರೀ’ ಅವನ ಕಣ್ಣಿಗೆ ಬರೀ ಒಂದು ಬಳ್ಳಿ.

ನಾಣ್ಯದಲ್ಲಿ ‘ಬಗೆ’ ಅಂದರೇನು? ಹೆಸರು, ಮುಖಬೆಲೆ, ವರ್ಷ ಎಲ್ಲ ಒಂದೇ ಆಗಿದ್ದರೂ ಅಚ್ಚಿನಲ್ಲಿ ಇರುವ ಸಣ್ಣ ವ್ಯತ್ಯಾಸ. ನಿಮಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. 1955ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಒಂದು ಸೆಂಟಿನ ಅಚ್ಚನ್ನು ಸಿದ್ಧಮಾಡುವಾಗ ಎರಡನೇ ಒತ್ತು ತುಸು ಓರೆಯಾಗಿ ಬಿತ್ತು. ಅಕ್ಷರಗಳೂ ವರ್ಷವೂ ಎರಡೆರಡಾಗಿ ಮೂಡಿದವು. ಅಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೆಂಟುಗಳು ಜನರ ಕೈ ಸೇರಿಬಿಟ್ಟವು. ಸಾದಾ 1955ರ ಸೆಂಟಿಗೆ ಇಂದು ಹೇಳಿಕೊಳ್ಳುವಂಥ ಬೆಲೆಯಿಲ್ಲ. ಈ ಜೋಡಿ ಅಚ್ಚಿನದಕ್ಕೆ ಸಾವಿರ ಡಾಲರಿನ ಆಚೆಗೆ ಬೆಲೆ. ತಾಮ್ರ ಅದೇ, ತೂಕ ಅದೇ. ವ್ಯತ್ಯಾಸ ಇರುವುದು ನೋಡುವವರ ಕಣ್ಣಿನಲ್ಲಿ.

ಇನ್ನು ನಮ್ಮ ಡಬ್ಬಿಗೆ ಬರೋಣ. ಅದರಲ್ಲಿ ಮೂರು ಆನೆಗಳು ಸಿಕ್ಕಬಹುದು.

ಮೊದಲನೆಯದು ಹೈದರಾಲಿಗಿಂತ ಮುಂಚಿನ ಒಡೆಯರ ಕಾಲದ್ದು. ಹುಣಸೆಬೀಜದಷ್ಟು ಸಣ್ಣ ಕಾಸು. ಒಂದು ಬದಿ ಆನೆ, ಇನ್ನೊಂದು ಬದಿ ಅಡ್ಡಗೆರೆ ಉದ್ದಗೆರೆ ಎಳೆದ ಚೌಕುಳಿ. ಇದೇ ಜಾತಿಯ ಕೆಲವು ಕಾಸುಗಳಲ್ಲಿ ಆನೆಯಿಲ್ಲ, ಅದರ ಜಾಗದಲ್ಲಿ ಕನ್ನಡದ ಅಂಕಿ ಇದೆ. ೧, ೨, ೩ ಎಂದು ಶುರುವಾಗಿ ಮೂವತ್ತರ ಸುಮಾರಿಗೆ ಹೋಗುತ್ತದೆ. ಪ್ರತಿ ಅಂಕಿಯೂ ಒಂದೊಂದು ಬಗೆ. ಅಂಕಿ ಓದಲು ಬಾರದವರಿಗೆ ಇವೆಲ್ಲ ಒಂದೇ; ಅದಕ್ಕೇ ಒಂದೇ ಬೆಲೆಗೆ ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. ೬ ಮತ್ತು ೯ ಒಂದನ್ನೊಂದು ಹೋಲುತ್ತವೆ, ಸವೆದ ಕಾಸಿನಲ್ಲಿ ಇನ್ನೂ ಕಷ್ಟ. ಅವಸರ ಮಾಡಬೇಡಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ.

ಎರಡನೆಯ ಆನೆ ಟಿಪ್ಪು ಸುಲ್ತಾನನದು. ಒಂದು ಪೈಸೆ ಸುಮಾರು 11 ಗ್ರಾಂ ತೂಗುತ್ತದೆ. ಆನೆ ಎಡಕ್ಕೆ ಮುಖ ಮಾಡಿದ್ದೂ ಇದೆ, ಬಲಕ್ಕೆ ಮಾಡಿದ್ದೂ ಇದೆ. ಬರಹ ಪರ್ಷಿಯನ್. ಟಿಪ್ಪು ತನ್ನ ನಾಣ್ಯಗಳಿಗೆ ಹೆಸರಿಟ್ಟಿದ್ದ: ಪೈಸೆಗೆ ಜೊಹ್ರಾ, ಅಂದರೆ ಶುಕ್ರಗ್ರಹ, ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್, ಅಂದರೆ ನಕ್ಷತ್ರ. ವರ್ಷ ಓದುವುದರಲ್ಲಿ ಒಂದು ಗುಟ್ಟಿದೆ. ಪರ್ಷಿಯನ್ ಬರಹ ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ನಮ್ಮ ಹಾಗೆ ಎಡದಿಂದ ಬಲಕ್ಕೇ ಬರೆಯುತ್ತಾರೆ. ಟಿಪ್ಪು 1787ರ ಹೊತ್ತಿಗೆ ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕೆಯನ್ನು ತಂದಾಗ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. 1218ನೇ ವರ್ಷ ಎಡದಿಂದ ಓದುವವರಿಗೆ 8121 ಎಂದು ಕಾಣುತ್ತದೆ. ಆ ಚೀಟಿಯ ಮೇಲೆ ‘ವರ್ಷ ಸ್ಪಷ್ಟವಿಲ್ಲ’ ಎಂದಿದ್ದರೆ ಆಶ್ಚರ್ಯವೇನು?

ಬೆಲೆಯ ವ್ಯತ್ಯಾಸ ಹೆಚ್ಚಾಗಿ ಟಂಕಸಾಲೆಯ ಹೆಸರಿನಲ್ಲಿರುತ್ತದೆ. ಪಟ್ಟಣ್ ಎಂದಿದ್ದರೆ ಶ್ರೀರಂಗಪಟ್ಟಣ, ನಗರ್ ಎಂದಿದ್ದರೆ ಬಿದನೂರು. ಇವು ಧಾರಾಳವಾಗಿ ಸಿಗುತ್ತವೆ. ಫರ್ರುಖಯಾಬ್ ಹಿಸಾರ್ ಅಂದರೆ ಚಿತ್ರದುರ್ಗ, ಖುರ್ಶೀದ್ ಸವಾದ್ ಅಂದರೆ ಧಾರವಾಡ, ನಜರ್‌ಬಾರ್ ಅಂದರೆ ಮೈಸೂರು. ಇವು ಅಪರೂಪ. ಇದಕ್ಕಾಗಿ ನೀವು ಪರ್ಷಿಯನ್ ಪಂಡಿತರಾಗಬೇಕಿಲ್ಲ. ಜೆ. ಆರ್. ಹೆಂಡರ್ಸನ್ 1921ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಹೈದರ್–ಟಿಪ್ಪು ನಾಣ್ಯಗಳ ಪುಸ್ತಕವನ್ನು ಮುಂದಿಟ್ಟುಕೊಂಡು ಐದಾರು ಹೆಸರುಗಳ ಆಕಾರವನ್ನು ಚಿತ್ರದ ಹಾಗೆ ನೆನಪಿಟ್ಟುಕೊಂಡರೆ ಸಾಕು.

ಮೂರನೆಯ ಆನೆ ಮುಮ್ಮಡಿ ಕೃಷ್ಣರಾಜ ಒಡೆಯರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಹುಡುಗ ಪಟ್ಟಕ್ಕೆ ಬಂದ. ಆನೆ ಉಳಿಯಿತು, ಅದರ ಮೇಲುಗಡೆ ಸೂರ್ಯ ಚಂದ್ರರು, ನಡುವೆ ಕನ್ನಡದ ‘ಶ್ರೀ’ ಬಂದವು. ಮುಂದೆ ‘ಚಾಮುಂಡಿ’ ಸೇರಿತು. ಆಮೇಲೆ ಆನೆ ಹೋಗಿ ಸಿಂಹ ಬಂತು. ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಒಂದೇ ಕಾಸಿನ ಮೇಲೆ ಕೂತವು. 1831ರಲ್ಲಿ ಕಂಪನಿಯವರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1843ರಲ್ಲಿ ಮೈಸೂರಿನ ನಾಣ್ಯ ಅಚ್ಚು ಹಾಕುವುದೇ ನಿಂತುಹೋಯಿತು. ನೂರೈವತ್ತು ವರ್ಷದೊಳಗೆ ಮೂರು ಆಳ್ವಿಕೆ, ಮೂರು ಲಿಪಿ. ಸಂತೆಯ ಜನಕ್ಕೆ ಮಾತ್ರ ಆನೆ ಕಂಡರೆ ಸಾಕು, ಅದು ನಮ್ಮ ಕಾಸು. ಟಿಪ್ಪುವೂ ಆನೆಯನ್ನು ಬಿಡಲಿಲ್ಲ, ಒಡೆಯರೂ ಬಿಡಲಿಲ್ಲ ಎಂಬುದನ್ನು ಇತಿಹಾಸದ ಹೆಸರಿನಲ್ಲಿ ಜಗಳವಾಡುವವರು ಸ್ವಲ್ಪ ಗಮನಿಸಬಹುದು.

ಈಗ ವ್ಯಾಪಾರದ ಮಾತು. ತೆಗೆದುಕೊಳ್ಳುವ ಮೊದಲು ತೂಕ ನೋಡಿ, ಅಂಚು ನೋಡಿ. ಅಂಚಿನ ಸುತ್ತ ಸಣ್ಣ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಗುಳ್ಳೆ ಕಂಡರೆ ಅದು ಎರಕ ಹೊಯ್ದ ನಕಲಿ ಇರಬಹುದು. ಮನೆಗೆ ತಂದ ಮೇಲೆ ದೇವರ ದೀಪದಂತೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ದೀಪಕ್ಕೆ ಅದು ಕಳೆ, ನಾಣ್ಯಕ್ಕೆ ಅದು ಕೊಲೆ. ಮೇಲಿನ ಕಂದು ಪದರವೇ ಅದರ ವಯಸ್ಸು, ಅದು ಹೋದರೆ ಬೆಲೆಯೂ ಹೋಗುತ್ತದೆ.

ವ್ಯಾಪಾರಿಗಿಂತ ನಮಗೇ ಹೆಚ್ಚು ಗೊತ್ತಿದ್ದು, ಅವನು ಹೇಳಿದ ಕಡಿಮೆ ಬೆಲೆಗೆ ಕೊಳ್ಳುವುದು ಮೋಸವೇ? ಕೇಳಬೇಕಾದ ಪ್ರಶ್ನೆಯೇ. ಅವನು ಅದೇ ಕಸುಬಿನವನು, ಡಬ್ಬಿಗೆ ಬೆಲೆ ಕಟ್ಟಿದ್ದೂ ಅವನೇ. ಓದು ಕಷ್ಟಪಟ್ಟು ಗಳಿಸಿದ್ದು, ಅದರ ಲಾಭ ಪಡೆಯುವುದು ಆ ಲೋಕದಲ್ಲಿ ಒಪ್ಪಿತ. ಆದರೆ ಯಾರೋ ವಯಸ್ಸಾದ ಅಜ್ಜಿ ತಮ್ಮ ಯಜಮಾನರ ಹಳೆಯ ಪೆಟ್ಟಿಗೆ ತೆರೆದು, ‘ಇದಕ್ಕೇನು ಕೊಡ್ತೀಯಪ್ಪ’ ಎಂದು ನಿಮ್ಮನ್ನೇ ನಂಬಿ ಕೇಳಿದರೆ ಲೆಕ್ಕ ಬೇರೆ. ಅಲ್ಲಿ ಮೊದಲು ಅದೇನೆಂದು ಹೇಳಬೇಕು, ಆಮೇಲೆ ಬೆಲೆಯ ಮಾತು.

ಇನ್ನೊಂದು ಎಚ್ಚರ. ಊರಿಗೆ ಹೋದಾಗ ಅಲ್ಲಿ ಕೊಂಡು ಜೇಬಿನಲ್ಲಿ ಹಾಕಿಕೊಂಡು ಬರಬೇಡಿ. ಭಾರತದ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿ ಜನ ದೇಶದಿಂದ ಹೊರಗೆ ಒಯ್ಯುವಂತಿಲ್ಲ. 2024ರ ಜುಲೈನಲ್ಲಿ ಭಾರತವೂ ಅಮೆರಿಕವೂ ಇಂಥ ವಸ್ತುಗಳ ಕಳ್ಳಸಾಗಣೆ ತಡೆಯಲು ಒಪ್ಪಂದ ಮಾಡಿಕೊಂಡಿವೆ. ಇಲ್ಲಿ ಕೊಳ್ಳುವಾಗಲೂ ‘ಇದು ಯಾರ ಸಂಗ್ರಹದ್ದು?’ ಎಂದು ಕೇಳಿ, ರಸೀದಿ ಪಡೆದು ಇಟ್ಟುಕೊಳ್ಳಿ.

ಇದರಿಂದ ಮನೆ ಕಟ್ಟುವಷ್ಟು ಹಣ ಬರುವುದಿಲ್ಲ. ಮೈಸೂರಿನ ತಾಮ್ರಕ್ಕೆ ಇನ್ನೂ ಕೊಳ್ಳುವವರು ಕಡಿಮೆ, ಅದಕ್ಕೇ ಅದು ಅಗ್ಗ. ಆದರೆ ಓದದೆ ಬಿಟ್ಟ ಕಾಸು ಕೊನೆಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಓದಿ, ಫೋಟೊ ತೆಗೆದು, ತೂಕ ಬರೆದಿಟ್ಟ ಕಾಸು ಇತಿಹಾಸದ ಲೆಕ್ಕಕ್ಕೆ ಸೇರುತ್ತದೆ. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವಿರಲಿ, ಮಿಷಿಗನ್ನಿನ ಪಂಪ ಕನ್ನಡ ಕೂಟವಿರಲಿ, ಕನ್ನಡ ತರಗತಿಗೆ ಹೋದ ನಿಮ್ಮಲ್ಲಿ ಅನೇಕರು ‘ಈಗ ಯಾರೂ ಬಳಸದ ಈ ಕನ್ನಡ ಅಂಕಿ ಕಲಿತು ಏನು ಪ್ರಯೋಜನ ಆಂಟಿ?’ ಎಂದು ಕೇಳಿದವರೇ. ಮುಂದಿನ ಮೇಳಕ್ಕೆ ಹೋಗುವಾಗ ಆ ಅಂಕಿಗಳ ಹಾಳೆಯ ಒಂದು ಫೋಟೊ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಭೂತಗನ್ನಡಿಯನ್ನು ಅಲ್ಲಿಯೇ ಕೊಳ್ಳಬಹುದು, ಅದು ಎಲ್ಲರ ಹತ್ತಿರವೂ ಇರುತ್ತದೆ.