ರಾಗಿ ಯಾಕೆ ಉಬ್ಬಲ್ಲ?

ಕತ್ರಿಗುಪ್ಪೆಯ ಬೇಕರಿಯಲ್ಲಿ ‘ರಾಗಿ ಬ್ರೆಡ್’ ಪ್ಯಾಕೆಟ್ ತಿರುಗಿಸಿ ಓದಿ. ಸಾಮಾನ್ಯವಾಗಿ ಮೊದಲು ಇರೋದು ಗೋಧಿ, ಇಲ್ಲಾ ಮೈದಾ. ಪೂರ್ತಿ ಮೋಸ ಅನ್ನೋಕಾಗಲ್ಲ. ಬ್ರೆಡ್ ಉಬ್ಬೋದು ಗೋಧಿಯ ಜಿಗುಟು ಗ್ಲುಟೆನ್ ಯೀಸ್ಟಿನ ಗಾಳಿಯನ್ನ ಹಿಡಿದಿಡೋದ್ರಿಂದ, ರಾಗಿಯಲ್ಲಿ ಅದಿಲ್ಲ. 1898ರಲ್ಲಿ ಹಾಸನ ಕಡೆಯ ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದು, ಬ್ರೆಡ್ಡು ನಮ್ಮವರ ಕೈಗೆ ಬಂದಾಗಲೂ ರಾಗಿ ಹೊರಗೇ ಉಳೀತು.

ಒಳ್ಳೇದೇ ಆಯ್ತು ಅನ್ನಿ. ಮಿಲ್ಲು ಬಂದು ಅಕ್ಕಿ ಪಾಲಿಶ್ ಆಯ್ತು, ತೌಡು ದನದ ಪಾಲಾಯ್ತು. ರಾಗಿಯ ಸಿಪ್ಪೆ ಮೆತ್ತನೆ ತಿರುಳಿಗೆ ಅಂಟಿಕೊಂಡಿರುತ್ತೆ. ಸುಲಿಯೋಕೆ ಹೋದ್ರೆ ಕಾಳೇ ಪುಡಿ. ಹಾಗಾಗಿ ನಮ್ಮೂರ ಬೀಸೋಕಲ್ಲಿಂದ ಇಲ್ಲಿನ ಫ್ಲೋರ್ ಮಿಲ್‌ವರೆಗೂ ಸಿಪ್ಪೆ ಸಮೇತವೇ ಬಂತು, ಕ್ಯಾಲ್ಸಿಯಂ ಉಳೀತು. ಆಮೇಲೆ ಮೈಸೂರಿನ ಸಿ.ಎಫ್.ಟಿ.ಆರ್.ಐ.ನವರು ರಾಗಿಯನ್ನ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಕಾಳು ಗಟ್ಟಿಯಾದ ಮೇಲೆ ಸುಲಿಯೋ ವಿಧಾನ ಕಂಡುಕೊಂಡರು. ಅನ್ನದ ಥರ ಉಣ್ಣಬಹುದು. ಸಿಪ್ಪೆ ಜತೆ ನಾರೂ ಹೋಗುತ್ತೆ. ನಾನಂತೂ ಮುದ್ದೆ ಬಿಡಲ್ಲ.