ಮಂಗಳೂರು ಹೆಂಚಿನ ಹಿಂದೆ ಒಂದು ಸಭೆ

ಭಾಗ 1: ಶುರು

ಫ್ರೆಂಡ್ಸ್, ಈ ಸಲದ ಸರಣಿ ಸ್ವಲ್ಪ ಉದ್ದ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಕೂತಾಗ ಓದಿ.

ದೊಡ್ಡಬೆಳವಂಗಲದ ಕಡೆ ಹಳೇ ಮನೆ ಅಂದ್ರೆ ಒಂದು ನಾಡಹೆಂಚಿನ ಮನೆ, ಇಲ್ಲ ಮಂಗಳೂರು ಹೆಂಚಿನ ಮನೆ. ಈ ಮಂಗಳೂರು ಹೆಂಚು ಹುಟ್ಟಿದ್ದರ ಹಿಂದೆ ಒಂದು ಹೊಸ ಕ್ರೈಸ್ತ ಸಭೆಯ ಹೊಟ್ಟೆಪಾಡಿನ ಪ್ರಶ್ನೆ ಇತ್ತು ಅಂತ ನಿಮಗೆ ಗೊತ್ತಾ?

ಕ್ರೈಸ್ತ ಸಭೆಯ ಆರಂಭ ಅಂದ ತಕ್ಷಣ ರೋಮ್ ನೆನಪಾಗುತ್ತೆ. ಅಲ್ಲೂ ಆಸ್ತಿಯ ಕಥೆ ಇದೆ. ಮೊದಲ ವಿಶ್ವಾಸಿಗಳು ಹೊಲ ಮನೆ ಮಾರಿ ಬಂದ ಹಣವನ್ನ ಎಲ್ಲರಿಗೂ ಹಂಚಿಕೊಂಡ್ರು ಅಂತ ಬೈಬಲ್‌ನ ಅಪೊಸ್ತಲರ ಕೃತ್ಯಗಳು ಪುಸ್ತಕ ಹೇಳುತ್ತೆ. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಕಾಲದ ದೊಡ್ಡ ಹಿಂಸೆ ಶುರುವಾಯ್ತು. ಪ್ರಾರ್ಥನಾ ಮನೆಗಳನ್ನ ಕೆಡವಿದ್ರು, ಗ್ರಂಥಗಳನ್ನ ಸುಟ್ರು. 313ರ ಮಿಲಾನ್ ಶಾಸನ ಬಂದಾಗ ಪೂಜೆಯ ಸ್ವಾತಂತ್ರ್ಯದ ಜೊತೆಗೆ, ಕಿತ್ಕೊಂಡಿದ್ದ ಸಭೆಯ ಆಸ್ತಿ ವಾಪಸ್ ಕೊಡಿ ಅನ್ನೋ ಆಜ್ಞೆಯೂ ಇತ್ತು. ನಂಬಿಕೆ ಮನಸ್ಸಿನ ವಿಷಯ ಅಂತೀವಿ. ಆದ್ರೆ ನಂಬಿಕೆ ಬದಲಾದಾಗ ಜಗಳ ಬಂದು ನಿಲ್ಲೋದು ಮನೆ, ಜಮೀನು, ಅನ್ನದ ಹತ್ರಾನೇ.

ನಮ್ಮ ಕರಾವಳಿಯಲ್ಲೂ ಹಾಗೇ ಆಯ್ತು.

ಭಾಗ 2: ಮೂರು ಜನ ಬಂದ್ರು

ಮೊದಲೇ ಒಂದು ಮಾತು. ಮಂಗಳೂರಿಗೆ ಕ್ರೈಸ್ತ ಧರ್ಮ ತಂದವರು ಇವರೇ ಅಲ್ಲ. ಕೊಂಕಣಿ ಮಾತಾಡೋ ಕ್ಯಾಥೊಲಿಕರು ಅಲ್ಲಿ ತುಂಬಾ ಹಿಂದಿನಿಂದ ಇದ್ರು. 1784ರಲ್ಲಿ ಟಿಪ್ಪು ಸುಲ್ತಾನ್ ಅವರನ್ನ ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕಿ ಉಳಿದವರು ಬಿಡುಗಡೆ ಆಗಿದ್ದು 1799ರಲ್ಲಿ. ಅದೇ ಒಂದು ದೊಡ್ಡ ಕಥೆ, ಅದನ್ನ ಇನ್ನೊಂದು ಸರಣಿಯಲ್ಲಿ ಬರೀತೀನಿ.

ಇಲ್ಲಿ ಹೇಳ್ತಿರೋದು ಪ್ರಾಟೆಸ್ಟೆಂಟ್ ಸಭೆ ಬಗ್ಗೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್ ಊರಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. 1833ರ ಚಾರ್ಟರ್ ಕಾಯ್ದೆ ಆದ್ಮೇಲೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, ಅಂದ್ರೆ 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಮಂಗಳೂರಿಗೆ ಬಂದ್ರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಕೇಂದ್ರಗಳು ಬೆಳೆದವು.

ನಕ್ಷೆ ನೋಡಿದ್ರೆ ಜೋರಾಗಿ ಬೆಳೀತಿದೆ ಅನ್ಸುತ್ತೆ. ಆದ್ರೆ ಜನ ಸೇರಿದ್ದು ತುಂಬಾ ನಿಧಾನ. ಯಾಕೆ ಅಂತ ಮುಂದಿನ ಭಾಗದಲ್ಲಿದೆ.

ಭಾಗ 3: ಸೇರಿದವರು ಕಳ್ಕೊಂಡಿದ್ದೇನು

ಕಾಮೆಂಟ್‌ಗಳಲ್ಲಿ ಯಾವಾಗಲೂ ಒಂದು ಮಾತು ಬರುತ್ತೆ: "ದುಡ್ಡಿಗೋಸ್ಕರ ಮತಾಂತರ ಆದ್ರು." ಬಿಕಾಂ ಓದೋಳು ನಾನು, ಹಾಗಾಗಿ ಲೆಕ್ಕ ಹಾಕೇ ನೋಡೋಣ.

ಆನಂದರಾವ್ ಕೌಂಡಿಣ್ಯ ಅಂತ ಒಬ್ಬ ಹುಡುಗ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವನು, ಹೆಚ್ಚುಕಡಿಮೆ ನಮ್ಮ ವಯಸ್ಸು. 1844ರಲ್ಲಿ ದೀಕ್ಷಾಸ್ನಾನ ತಗೊಂಡ. ಊರಲ್ಲಿ ದೊಡ್ಡ ಗಲಾಟೆ ಆಯ್ತು. ಮನೆಯವರ ಪಾಲಿಗೆ ಮಗ ಇದ್ದೂ ಇಲ್ಲದ ಹಾಗೆ. ಆ ತಂದೆತಾಯಿಯ ಸಂಕಟವನ್ನೂ ಮರೀಬಾರದು. 1846ರಲ್ಲಿ ಅವನು ಮೊಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದ.

ಅವನಿಗೆ ವಿದ್ಯೆ ಇತ್ತು, ದಾರಿ ಸಿಕ್ಕಿತು. ಆದ್ರೆ ತುಳುನಾಡಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಎಷ್ಟೋ ಜನ ಇನ್ನೊಬ್ಬರ ಜಮೀನಲ್ಲಿ ಗೇಣಿ ಮಾಡೋರು, ತಾಳೆ ತೆಂಗು ಹತ್ತಿ ಕಳ್ಳು ಇಳಿಸೋರು. ಸಭೆ ಸೇರಿದ್ರೆ ಕಳ್ಳಿನ ಕಸುಬು ಬಿಡಬೇಕು ಅಂತ ಮಿಷನ್ ಹೇಳ್ತಿತ್ತು. ಭೂಮಾಲೀಕನಿಗೆ ಸಿಟ್ಟು ಬಂದ್ರೆ ಗೇಣಿ ಜಮೀನೂ ಹೋಯ್ತು. ಜಾತಿಯವರು ಹೊರಗಿಟ್ರೆ ಮದುವೆ, ಸಾವು, ಸಾಲ ಯಾವುದಕ್ಕೂ ಯಾರೂ ಇಲ್ಲ.

1850ರಲ್ಲಿ ಒಂದು ಕಾಯ್ದೆ ಬಂತು. ಧರ್ಮ ಬಿಟ್ಟ ಮಾತ್ರಕ್ಕೆ, ಜಾತಿಯಿಂದ ಹೊರಗಾದ ಮಾತ್ರಕ್ಕೆ ಪಿತ್ರಾರ್ಜಿತದ ಹಕ್ಕು ಹೋಗಲ್ಲ ಅಂತ. ಕಾಯ್ದೆ ಸರಿ. ಆದ್ರೆ ಪಿತ್ರಾರ್ಜಿತ ಅಂತ ಏನೂ ಇಲ್ಲದ ಗೇಣಿದಾರನಿಗೆ ಅದರಿಂದ ಏನು ಸಿಗುತ್ತೆ ಹೇಳಿ?

ಅಂದ್ರೆ ಖಾತೆಯಲ್ಲಿ ಮೊದಲು ಬರೆದಿದ್ದು ಲಾಭ ಅಲ್ಲ, ನಷ್ಟ.

ಭಾಗ 4: ಮಗ್ಗ, ಮುದ್ರಣ, ಮಣ್ಣು

ಈಗ ಮಿಷನ್ ಮುಂದೆ ಪ್ರಶ್ನೆ: ಕೆಲಸ ಕಳ್ಕೊಂಡು ಬಂದವರ ಹೊಟ್ಟೆಗೇನು? ದಾನ ಕೊಡ್ತಾ ಇದ್ರೆ ಎಷ್ಟು ದಿನ?

ಬೆಟಗೇರಿ ಕಡೆ ಮಲಸಮುದ್ರದಲ್ಲಿ ಬೇಸಾಯದ ಕಾಲೋನಿ ಮಾಡಿ ನೋಡಿದ್ರು, ನಿಲ್ಲಲಿಲ್ಲ. ಗಡಿಯಾರದ ಕೆಲಸ ಕಲಿಸಿದ್ರು, ಅದೂ ಕೈ ಹಿಡೀಲಿಲ್ಲ. ಕೈ ಹಿಡಿದಿದ್ದು ಮೂರು.

ಒಂದು, ಮುದ್ರಣ. 1841ರಲ್ಲಿ ಮಂಗಳೂರಲ್ಲಿ ಕಲ್ಲಚ್ಚಿನ ಪ್ರೆಸ್ ಶುರುವಾಯ್ತು. 1843ರ ಜುಲೈ 1ರಂದು ಅಲ್ಲಿಂದಲೇ ಮೊಗ್ಲಿಂಗ್‌ನ 'ಮಂಗಳೂರ ಸಮಾಚಾರ' ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಜುಲೈ 1 ನಮಗೆ ಪತ್ರಿಕಾ ದಿನ ಆಗಿದ್ದು ಅದಕ್ಕೇ. 70,000 ಪದಗಳ ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಮಂಗಳೂರಿನ ಇದೇ ಮಿಷನ್‌ನಿಂದ.

ಎರಡು, ನೇಯ್ಗೆ. 1851ರಲ್ಲಿ ಬಂದ ಹಾಲರ್ ಅನ್ನೋ ನೇಕಾರ ಹೊಸ ಥರದ ಮಗ್ಗ ತಂದ, ಬಣ್ಣ ಹಾಕೋದು ಕಲಿಸಿದ. ಅಲ್ಲಿನ ಖಾಕಿ ಬಟ್ಟೆಗೆ ಒಳ್ಳೇ ಹೆಸರು ಬಂತು. ಪಕ್ಕದ ದೊಡ್ಡಬಳ್ಳಾಪುರದ ಮಗ್ಗದ ಸದ್ದು ಕೇಳಿ ಬೆಳೆದ ನಮಗೆ, ಒಂದು ಮಗ್ಗ ಎಷ್ಟು ಜನರ ಹೊಟ್ಟೆ ತುಂಬಿಸುತ್ತೆ ಅಂತ ಹೇಳ್ಬೇಕಾ?

ಮೂರು, ಹೆಂಚು. 1865ರಲ್ಲಿ ಪ್ಲೆಬ್ಸ್ಟ್ ಅನ್ನೋ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನದಿ ದಂಡೆಯ ಜೇಡಿಮಣ್ಣು, ಸುಡೋಕೆ ಸೌದೆ, ಸಾಗಿಸೋಕೆ ಬಂದರು, ಎಲ್ಲಾ ಪಕ್ಕದಲ್ಲೇ. ಒಂದಕ್ಕೊಂದು ಕೊಂಡಿ ಹಾಕಿ ಕೂರೋ ಹೆಂಚು. ನೋಡ್ತಾ ನೋಡ್ತಾ ಸ್ಥಳೀಯರೂ ಕಾರ್ಖಾನೆ ಹಾಕಿದ್ರು, ಊರಿನ ಹೆಸರೇ ಹೆಂಚಿನ ಹೆಸರಾಯ್ತು.

ಭಾಗ 5: ಲೆಕ್ಕದ ಇನ್ನೊಂದು ಬದಿ

ಇಲ್ಲಿಗೆ ನಿಲ್ಲಿಸಿದ್ರೆ ಜಾಹೀರಾತು ಆಗಿಬಿಡುತ್ತೆ. ಇನ್ನೊಂದು ಬದಿಯೂ ಇದೆ.

ಕೆಲಸ ಕೊಡೋನು ಮಿಷನ್, ಮನೆ ಕೊಡೋನೂ ಮಿಷನ್, ಭಾನುವಾರ ಉಪದೇಶ ಮಾಡೋನೂ ಮಿಷನ್. ಹೀಗಿದ್ದಾಗ ಕೂಲಿ ಸಾಲಲ್ಲ ಅಂತ ಯಾರ ಹತ್ರ ಹೇಳೋದು? ಹಳೇ ಧಣಿ ಹೋಗಿ ಹೊಸ ಧಣಿ ಬಂದ ಹಾಗೆ ಕೆಲವರಿಗಾದ್ರೂ ಅನ್ನಿಸಿರಲೇಬೇಕು. ಕೆಲಸದ ಆಸೆಗೆ ಬಂದವರು ಯಾರೂ ಇರಲಿಲ್ಲ ಅಂತಾನೂ ನಾನು ಹೇಳಲ್ಲ. ವ್ಯಾಪಾರ ಜಾಸ್ತಿಯಾದ್ರೆ ಧರ್ಮದ ಕೆಲಸ ಕೆಡುತ್ತೆ ಅನ್ನೋ ಅನುಮಾನ ಮಿಷನ್ ಒಳಗೇ ಇತ್ತು. 1859ರಲ್ಲಿ ಬಾಸೆಲ್‌ನಲ್ಲಿ ಷೇರು ಬಂಡವಾಳದ ಒಂದು ವ್ಯಾಪಾರ ಕಂಪನಿಯನ್ನೇ ಬೇರೆ ಮಾಡಿದ್ರು, ಮುಂದೆ ಕಾರ್ಖಾನೆಗಳೂ ಅದರ ಕೈಗೆ ಹೋದವು.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಮಿಷನರಿಗಳಲ್ಲಿ ತುಂಬಾ ಜನ ಜರ್ಮನ್ನರು, ಅಂದ್ರೆ ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ಶತ್ರುಗಳು. ಅವರನ್ನ ಬಂಧನದಲ್ಲಿಟ್ಟು, ಆಮೇಲೆ ದೇಶದಿಂದ ಕಳಿಸಿದ್ರು. ಕಾರ್ಖಾನೆಗಳನ್ನ ಸರ್ಕಾರ ತಗೊಂಡು, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿಗೆ ಕೊಟ್ಟಿತು. ಪಾದ್ರಿಯೂ ಇಲ್ಲ, ಯಜಮಾನನೂ ಇಲ್ಲ.

ದುಡ್ಡಿಗೋಸ್ಕರ ಮಾತ್ರ ಕಟ್ಟಿದ ಸಭೆ ಆಗಿದ್ರೆ ಅವತ್ತೇ ಬಾಗಿಲು ಹಾಕ್ಬೇಕಿತ್ತು. ಹಾಕಲಿಲ್ಲ. ಊರಿನ ಪಾದ್ರಿಗಳು, ಉಪದೇಶಿಗಳು, ಶಾಲೆ ಮೇಷ್ಟ್ರುಗಳು ನಡೆಸಿಕೊಂಡು ಹೋದ್ರು. ಬಲ್ಮಠದಲ್ಲಿ 1862ರಲ್ಲಿ ಕಟ್ಟಿದ ಚರ್ಚಿನಲ್ಲಿ ಇವತ್ತಿಗೂ ಕನ್ನಡದಲ್ಲಿ ಆರಾಧನೆ ನಡೆಯುತ್ತೆ.

ನನ್ನ ಮಟ್ಟಿಗೆ ಆ ಸಭೆ ಅವರದ್ದು ಅಂತ ಆಗಿದ್ದು 1834ರಲ್ಲಿ ಅಲ್ಲ, 1914ರ ಆಮೇಲೆ. ರೋಮ್‌ನಲ್ಲೂ 303ರಿಂದ 313ರವರೆಗೆ ಆಸ್ತಿ ಇಲ್ಲದೇನೇ ಸಭೆ ಉಳಿದಿತ್ತಲ್ವಾ?

ನೀವು ಏನಂತೀರಾ? ಹೊಟ್ಟೆಪಾಡು ಮತ್ತು ನಂಬಿಕೆ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯೋಕೆ ಆಗುತ್ತಾ? ಕಾಮೆಂಟ್ ಮಾಡಿ, ಆದ್ರೆ ಬೈಗುಳ ಬೇಡ. ನಿಮ್ಮ ಮನೆ ಹೆಂಚಿನ ಹಿಂಬದಿ ಕಾರ್ಖಾನೆ ಹೆಸರಿದ್ರೆ ಫೋಟೋ ತೆಗೆದು ಕಳಿಸಿ, ಸ್ಟೋರಿಗೆ ಹಾಕ್ತೀನಿ.

#ಕನ್ನಡಇತಿಹಾಸ #ಬಾಸೆಲ್‌ಮಿಷನ್ #ಮಂಗಳೂರುಹೆಂಚು #ದೊಡ್ಡಬೆಳವಂಗಲ