ಶಾಸ್ತ್ರದಾನ ಮತ್ತು ಊರ ಶಾಲೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದ ಫಲವು ದಾನಿಯ ಕಣ್ಣಿಗೆ ಬೇಗನೆ ಕಾಣುವುದಿಲ್ಲ. ಹಸಿದವನು ಉಂಡದ್ದು ಅಂದೇ ತಿಳಿಯುತ್ತದೆ. ಅಕ್ಷರ ಕಲಿತ ಮಗುವಿನ ಬಾಳು ಬೆಳಗಲು ವರ್ಷಗಳೇ ಬೇಕು. ಆದುದರಿಂದಲೇ ಈ ದಾನವು ಹೆಚ್ಚಿನ ನಿರ್ಮೋಹವನ್ನು ಬೇಡುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪರಂಪರೆಯ ಮಾತು. ಆಕೆ ಗ್ರಂಥವನ್ನು ತನ್ನ ಭಂಡಾರದಲ್ಲಿ ಇರಿಸಿಕೊಳ್ಳಲಿಲ್ಲ, ಓದುವವರ ಕೈಗೆ ಒಪ್ಪಿಸಿದಳು.

ಜಿನಸೇನಾಚಾರ್ಯರ ಶಿಷ್ಯನೆನಿಸಿದ ಅಮೋಘವರ್ಷನು ಆಳಿದ ಮಳಖೇಡವು ಯಾದಗಿರಿ ಸೀಮೆಗೆ ದೂರವಲ್ಲ. ಆದರೆ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಆಡಳಿತದಲ್ಲಿದ್ದ ಕಾಲದಲ್ಲಿ ಕನ್ನಡದ ಕಲಿಕೆಗೆ ಅರಮನೆಯ ಆಶ್ರಯವಿರಲಿಲ್ಲ. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಇಂಥ ಕಾಲದಲ್ಲಿ ಕನ್ನಡ ಅಕ್ಷರವನ್ನು ಉಳಿಸಿದ್ದು ಊರವರು ಸಾಕಿದ ಐಗಳ ಶಾಲೆ. ಗುಡಿಯ ಪಡಸಾಲೆ, ಮಠದ ಅಂಗಳ ಅಥವಾ ಯಾರದೋ ಮನೆಯ ಕಟ್ಟೆಯೇ ಪಾಠದ ಜಾಗ. ಮರಳು ಹಾಸಿದ ನೆಲವೇ ಪಾಟಿ. ಐಗಳಿಗೆ ಪಗಾರವಾಗಿ ಸಲ್ಲುತ್ತಿದ್ದುದು ಮಕ್ಕಳ ಮನೆಯ ಕಾಳುಕಡಿ. ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಪದ ಹಾಡಿ ತಂದ ಕಾಣಿಕೆಯೂ ಗುರುವಿನದೇ. ದೊಡ್ಡ ಊರುಗಳಲ್ಲಿ ಸಾರ್ವಜನಿಕರ ಶ್ರಮವು ಸಂಸ್ಥೆಯ ರೂಪ ತಾಳಿತು. ಕಲಬುರಗಿಯ ನೂತನ ವಿದ್ಯಾಲಯ 1907ರಲ್ಲಿ ಆರಂಭವಾಯಿತು.

ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಕುಂದನ್ನು ಮರೆಯಲಾಗದು. ಶಾಲೆಗೆ ಅನ್ನವಿತ್ತವರೇ ಅಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದನ್ನೂ ನಿರ್ಣಯಿಸುತ್ತಿದ್ದರು. ಹೆಣ್ಣುಮಕ್ಕಳೂ ದಲಿತರ ಮಕ್ಕಳೂ ಬಹುಮಟ್ಟಿಗೆ ಹೊರಗೇ ಉಳಿದರು. ದಾನವು ಅಲ್ಲಿ ಒಡೆತನವಾಯಿತು. ಅಪರಿಗ್ರಹವು ಸೋತದ್ದು ಅಲ್ಲಿಯೇ. ಹಲವು ಕಾರಣಗಳಲ್ಲಿ ಇದೂ ಒಂದಾಗಿ ಬೆಳೆದುಬಂದ ಹಿಂದುಳಿಕೆ ಇನ್ನೂ ಅಳಿದಿಲ್ಲ. 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇಕಡಾ 52ರ ಆಸುಪಾಸು. ಸ್ತ್ರೀಯರದು ಶೇಕಡಾ 41ರಷ್ಟು. ರಾಜ್ಯದಲ್ಲಿ ಅದೇ ಕನಿಷ್ಠವಾಗಿತ್ತು.

2009ರ ಶಿಕ್ಷಣ ಹಕ್ಕು ಕಾಯಿದೆಯು ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಆಡಳಿತ ಸಮಿತಿ ಇರಬೇಕೆಂದೂ ಅದರ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೇ ಆಗಿರಬೇಕೆಂದೂ ವಿಧಿಸಿತು. ಅನುದಾನರಹಿತ ಸಣ್ಣ ಶಾಲೆಗೆ ಆ ಕಟ್ಟಳೆ ಇಲ್ಲ. ಅಲ್ಲಿ ಸಮಾಜದ ವಿವೇಕವೇ ಕಾಯಿದೆ. ಬಸದಿಯ ಟ್ರಸ್ಟೊಂದು ಕೋಣೆ ಕಟ್ಟಿಸಿ ಹೆಸರಿನ ಕಲ್ಲು ನೆಡಿಸಿದ ಮಾತ್ರಕ್ಕೆ ಶಾಸ್ತ್ರದಾನ ಪೂರ್ಣವಾಗದು. ಶಿಕ್ಷಕರ ಸಂಬಳ ತಿಂಗಳು ತಪ್ಪದೆ ಸಲ್ಲುತ್ತಿದೆಯೇ? ಶಾಲೆ ಬಿಟ್ಟ ಹುಡುಗಿಯ ಮನೆಗೆ ಯಾರಾದರೂ ಹೋಗಿ ವಿಚಾರಿಸಿದರೇ? ಶ್ರಾವಕರಲ್ಲದವರ ಮಗುವೂ ಮೊದಲ ಸಾಲಿನಲ್ಲಿ ಕುಳಿತಿದೆಯೇ? ಟ್ರಸ್ಟಿನ ಸಭೆಯಲ್ಲಿ ಲೆಕ್ಕಪತ್ರದ ಜೊತೆಗೆ ಈ ಮೂರು ಪ್ರಶ್ನೆಗಳಿಗೂ ಉತ್ತರ ದೊರೆತಾಗ, ಐಗಳ ಶಾಲೆಗೆ ಅಂದು ಕಾಳು ಕೊಟ್ಟವರ ಪುಣ್ಯ ಉಳಿದು, ಅವರಿಂದಾದ ದೋಷ ತೊಳೆದುಹೋಗುತ್ತದೆ.